ಅಚ್ಚುಮೊಳೆಯಿಂದ ಕೀಲಿಮಣೆಗೆ

ಒಂದು ಕಸುಬು ಮನುಷ್ಯನ ಕೈಗೆ ಹತ್ತಬೇಕಾದರೆ ಹಲವು ವರ್ಷಗಳು ಬೇಕು. ಕಣ್ಣು ಅಳತೆಯನ್ನು ಕಲಿಯಬೇಕು, ಬೆರಳು ಹದವನ್ನು ಅರಿಯಬೇಕು, ಮಾಡಿದ ತಪ್ಪುಗಳನ್ನು ತಾನೇ ಕಂಡುಕೊಂಡು ತಿದ್ದಿಕೊಳ್ಳುವ ತಾಳ್ಮೆ ಬೆಳೆಯಬೇಕು. “ಕಲಿತವನಿಗಿಂತ ನುರಿತವ ಮೇಲು” ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನು ಕಂಡೇ. ಆದರೆ ನುರಿತವನ ಬಾಳಿನಲ್ಲಿಯೂ ಒಂದು ಸಂಕಟದ ಗಳಿಗೆ ಬರುವುದುಂಟು. ಇಪ್ಪತ್ತು ಮೂವತ್ತು ವರ್ಷ ದುಡಿದು ಪಳಗಿಸಿಕೊಂಡ ಕೈಚಳಕವನ್ನು ಕೇಳುವವರೇ ಇಲ್ಲದ ಕಾಲವು ಒಮ್ಮೊಮ್ಮೆ ಬಂದುಬಿಡುತ್ತದೆ. ಆಗ ಅಂಥವನು ಏನು ಮಾಡಬೇಕು? “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?” ಎಂಬ ಇನ್ನೊಂದು ಗಾದೆಯನ್ನು ನಂಬಿ ಕೈಚೆಲ್ಲಿ ಕುಳಿತುಕೊಳ್ಳಬೇಕೆ? ಈ ಪ್ರಶ್ನೆಗೆ ಉತ್ತರವನ್ನು ಮುದ್ರಣದ ಕಸುಬಿನ ಕಥೆಯಲ್ಲಿ ಹುಡುಕಬಹುದು.

ಹದಿನೈದನೆಯ ಶತಮಾನದ ನಡುಭಾಗದಲ್ಲಿ ಜರ್ಮನಿಯ ಮೈಂಟ್ಸ್ ನಗರದಲ್ಲಿ ಗುಟೆನ್‌ಬರ್ಗ್ ಎಂಬುವನು ಲೋಹದ ಬಿಡಿ ಅಕ್ಷರಗಳನ್ನು ಎರಕ ಹೊಯ್ದು, ಅವನ್ನು ಜೋಡಿಸಿ ಪುಸ್ತಕಗಳನ್ನು ಅಚ್ಚು ಮಾಡಿದನು. ಸೀಸ, ತವರ, ಆಂಟಿಮನಿಗಳನ್ನು ಬೆರೆಸಿ ಮಾಡಿದ ಈ ಪುಟ್ಟ ಮೊಳೆಗಳು ಮುಂದೆ ನಾಲ್ಕು ನೂರು ವರ್ಷಗಳಿಗೂ ಮಿಕ್ಕು ಲೋಕದ ವಿದ್ಯೆಯನ್ನೆಲ್ಲ ಹೊತ್ತವು. ಕನ್ನಡಕ್ಕೂ ಈ ವಿದ್ಯೆ ಬಂದಿತು. ವಿಲಿಯಂ ಕೇರಿ ರಚಿಸಿದ ಕನ್ನಡ ವ್ಯಾಕರಣವು 1817ರಲ್ಲಿ ಬಂಗಾಳದ ಶ್ರೀರಾಂಪುರದಲ್ಲಿ ಅಚ್ಚಾಯಿತು. 1841ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಮುದ್ರಣಾಲಯವನ್ನು ತೆರೆದರು. 1843ರಲ್ಲಿ ಹರ್ಮನ್ ಮೋಗ್ಲಿಂಗನ ಸಂಪಾದಕತ್ವದಲ್ಲಿ ‘ಮಂಗಳೂರ ಸಮಾಚಾರ’ ಎಂಬ ಕನ್ನಡದ ಮೊದಲ ಪತ್ರಿಕೆಯು ಹೊರಬಂದಿತು. 1894ರಲ್ಲಿ ಕಿಟೆಲ್ ಅವರ ಹಿರಿಯ ನಿಘಂಟು ಮಂಗಳೂರಿನಲ್ಲಿಯೇ ಪ್ರಕಟವಾಯಿತು. ಸಾವಿರದ ಏಳುನೂರಕ್ಕೂ ಮಿಕ್ಕ ಪುಟಗಳ ಆ ಗ್ರಂಥವನ್ನು ಕಂಡವರು ಕಿಟೆಲ್ ಅವರ ಪಾಂಡಿತ್ಯವನ್ನು ಕೊಂಡಾಡುತ್ತಾರೆ, ಅದು ನ್ಯಾಯವೇ. ಆದರೆ ಅಂಥ ಗ್ರಂಥದ ಒಂದೊಂದು ಅಕ್ಷರವನ್ನೂ ಬೆರಳಿನಿಂದ ಹೆಕ್ಕಿ ಸಾಲಿನಲ್ಲಿ ನಿಲ್ಲಿಸಿದ ಮೊಳೆಜೋಡಣೆಗಾರರ ಹೆಸರುಗಳು ಪುಸ್ತಕದಲ್ಲಿ ದೊರೆಯುವುದಿಲ್ಲ.

ಕಂಪೋಸಿಟರ್ ಎಂದು ಕರೆಯಲ್ಪಡುತ್ತಿದ್ದ ಈ ಕೆಲಸಗಾರನ ಕಸುಬು ಸುಲಭವಾದುದಾಗಿರಲಿಲ್ಲ. ಅವನ ಎದುರಿಗೆ ಓರೆಯಾಗಿ ನಿಲ್ಲಿಸಿದ ಮರದ ಕೇಸುಗಳಿರುತ್ತಿದ್ದವು. ಒಂದೊಂದು ಕೇಸಿನಲ್ಲಿ ಎಷ್ಟೋ ಖಾನೆಗಳು; ಒಂದೊಂದು ಖಾನೆಯಲ್ಲಿ ಒಂದೊಂದು ಬಗೆಯ ಮೊಳೆ. ಇಂಗ್ಲಿಷಿನಲ್ಲಿ ಇಪ್ಪತ್ತಾರೇ ಅಕ್ಷರಗಳು; ದೊಡ್ಡವು, ಚಿಕ್ಕವು ಎಂದು ಎರಡು ರೂಪಗಳು. ಕನ್ನಡದಲ್ಲಿಯಾದರೋ ಸ್ವರ, ವ್ಯಂಜನ, ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ನೂರಾರು ಮೊಳೆಗಳು ಬೇಕಾಗುತ್ತಿದ್ದವು. ಯಾವ ಮೊಳೆ ಯಾವ ಖಾನೆಯಲ್ಲಿದೆಯೆಂಬುದು ಅವನಿಗೆ ಬಾಯಿಪಾಠದಂತೆ ಕೈಪಾಠವಾಗಿರಬೇಕಾಗಿದ್ದಿತು. ಎಡಗೈಯಲ್ಲಿ ಕಂಪೋಸಿಂಗ್ ಸ್ಟಿಕ್ ಎಂಬ ಚಿಕ್ಕ ತಟ್ಟೆಯನ್ನು ಹಿಡಿದು, ಕಣ್ಣನ್ನು ಹಸ್ತಪ್ರತಿಯ ಮೇಲಿರಿಸಿ, ಬಲಗೈಯಿಂದ ಮೊಳೆಗಳನ್ನು ಹೆಕ್ಕಿ ಅವನು ಸಾಲು ಕಟ್ಟುತ್ತಿದ್ದನು. ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿಯೂ ತಲೆಕೆಳಗಾಗಿಯೂ ಇರುತ್ತಿದ್ದವು. ಅವನ್ನು ಹಾಗೆಯೇ ಓದಲು ಅವನು ಕಲಿತಿದ್ದನು. ಸಾಲುಗಳು ಪುಟವಾದ ಮೇಲೆ ಕರಡಚ್ಚು ತೆಗೆದು, ತಪ್ಪಿದ ಮೊಳೆಯನ್ನು ಇಕ್ಕುಳದಿಂದ ಕಿತ್ತು, ಸರಿಯಾದುದನ್ನು ಕೂರಿಸಬೇಕು. ಅಚ್ಚು ಮುಗಿದ ಮೇಲೆ ಮಸಿ ತೊಳೆದು ಮೊಳೆಗಳನ್ನೆಲ್ಲ ಮತ್ತೆ ಆಯಾ ಖಾನೆಗೆ ಸೇರಿಸಬೇಕು. ಮರುದಿನ ಅದೇ ಮೊಳೆಗಳಿಂದ ಇನ್ನೊಂದು ಪುಟ.

ಈ ಕಸುಬಿಗೆ ಮೊದಲ ದೊಡ್ಡ ಬದಲಾವಣೆ ಅಮೆರಿಕದಲ್ಲಿ ಬಂದಿತು. ಓಟ್ಮಾರ್ ಮೆರ್ಗೆಂಥಾಲರ್ ಎಂಬ ಜರ್ಮನ್ ಯುವಕನು ಗಡಿಯಾರದ ಕೆಲಸವನ್ನು ಕಲಿತು 1872ರಲ್ಲಿ ಅಮೆರಿಕಕ್ಕೆ ಹೋಗಿದ್ದನು. ಸೂಕ್ಷ್ಮವಾದ ಯಂತ್ರಭಾಗಗಳಲ್ಲಿ ಪಳಗಿದ ಆ ಕೈಯೇ ಲೈನೋಟೈಪ್ ಎಂಬ ಯಂತ್ರವನ್ನು ನಿರ್ಮಿಸಿತು. 1886ರಲ್ಲಿ ‘ನ್ಯೂಯಾರ್ಕ್ ಟ್ರಿಬ್ಯೂನ್’ ಪತ್ರಿಕೆಯು ಅದನ್ನು ಬಳಕೆಗೆ ತಂದಿತು. ಕೀಲಿಗಳನ್ನು ಒತ್ತಿದರೆ ಅಕ್ಷರದ ಅಚ್ಚುಗಳು ಸಾಲಾಗಿ ಬಂದು ನಿಲ್ಲುತ್ತಿದ್ದವು. ಕರಗಿದ ಲೋಹವು ಅವುಗಳ ಮೇಲೆ ಹರಿದು ಒಂದಿಡೀ ಸಾಲು ಒಂದೇ ತುಂಡಾಗಿ ಎರಕವಾಗುತ್ತಿದ್ದಿತು. ಹಲವರು ಕೈಯಿಂದ ಜೋಡಿಸುವಷ್ಟನ್ನು ಒಬ್ಬನೇ ಜೋಡಿಸಬಹುದಾಯಿತು. ಕೈಜೋಡಣೆಗಾರರಿಗೆ ಭಯವಾದುದು ಸಹಜವೇ. ಆದರೆ ಅವರ ಸಂಘವು ಯಂತ್ರವನ್ನು ಮುರಿಯಲು ಹೊರಡಲಿಲ್ಲ. ಯಂತ್ರವನ್ನು ನಡೆಸುವ ಕೆಲಸವು ಕಸುಬು ಬಲ್ಲವರಿಗೇ ಸಲ್ಲಬೇಕೆಂದು ಅದು ಒತ್ತಾಯಿಸಿತು. ಸದಸ್ಯರು ಯಂತ್ರವನ್ನು ಕಲಿಯಲು ಮುಂದಾದರು. ಅನೇಕ ಕೈಜೋಡಣೆಗಾರರು ಲೈನೋಟೈಪಿನ ಮುಂದೆ ಕುಳಿತು ಹೊಸ ಕಸುಬಿನ ಒಡೆಯರಾದರು.

ಎರಡನೆಯ ಬದಲಾವಣೆಯು ಇನ್ನೂ ಪ್ರಬಲವಾಗಿದ್ದಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೆಳಕಿನಿಂದ ಅಕ್ಷರ ಮೂಡಿಸುವ ಯಂತ್ರಗಳೂ ಅವುಗಳ ಬೆನ್ನಿಗೆ ಗಣಕಯಂತ್ರಗಳೂ ಬಂದು, ಸೀಸದ ಅಗತ್ಯವನ್ನೇ ಇಲ್ಲವಾಗಿಸಿದವು. ಈ ಬದಲಾವಣೆಯನ್ನು ಎರಡು ನಗರಗಳು ಎರಡು ರೀತಿಯಲ್ಲಿ ಎದುರಿಸಿದವು. ನ್ಯೂಯಾರ್ಕಿನಲ್ಲಿ 1974ರಲ್ಲಿ ಮುದ್ರಣ ಕಾರ್ಮಿಕರ ಸಂಘಕ್ಕೂ ದೊಡ್ಡ ಪತ್ರಿಕೆಗಳಿಗೂ ಒಂದು ಒಪ್ಪಂದವಾಯಿತು. ಹೊಸ ಯಂತ್ರಗಳಿಗೆ ಸಂಘದ ಅಡ್ಡಿಯಿಲ್ಲ; ಬದಲಿಗೆ ಈಗಿರುವ ಕೆಲಸಗಾರರಿಗೆ ಜೀವನಪೂರ್ತಿ ಉದ್ಯೋಗದ ಭರವಸೆ. 1978ರ ಜುಲೈ ತಿಂಗಳ ಮೊದಲಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು ಕಡೆಯ ಬಾರಿಗೆ ಸೀಸದಲ್ಲಿ ಜೋಡಣೆಯಾಯಿತು. ಆ ರಾತ್ರಿಯ ಕೆಲಸವನ್ನು ಅಲ್ಲಿಯೇ ಕರಡು ತಿದ್ದುತ್ತಿದ್ದವನೊಬ್ಬನು ಸಾಕ್ಷ್ಯಚಿತ್ರವಾಗಿ ಸೆರೆಹಿಡಿದನು. ಹಳೆಯ ಕೈಗಳೇ ಹೊಸ ಕೀಲಿಮಣೆಯನ್ನು ಕಲಿಯುತ್ತಿರುವುದನ್ನು ಅದರಲ್ಲಿ ಕಾಣಬಹುದು. ಲಂಡನ್ನಿನಲ್ಲಿ ನಡೆದುದೇ ಬೇರೆ. 1986ರ ಜನವರಿಯಲ್ಲಿ ಅಲ್ಲಿನ ಪ್ರಸಿದ್ಧ ಪತ್ರಿಕೆಗಳ ಕೆಲಸವು ವಾಪಿಂಗ್ ಎಂಬ ಕಡೆಯ ಹೊಸ ಕಟ್ಟಡಕ್ಕೆ ಒಮ್ಮೆಗೇ ಸ್ಥಳಾಂತರವಾಯಿತು. ಮುಷ್ಕರ ಹೂಡಿದ ಸುಮಾರು ಆರು ಸಾವಿರ ಕಾರ್ಮಿಕರು ಕೆಲಸ ಕಳೆದುಕೊಂಡರು. ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆದ ಹೋರಾಟವು 1987ರ ಫೆಬ್ರವರಿಯಲ್ಲಿ ಸೋಲಿನಲ್ಲಿ ಮುಗಿಯಿತು. ಎರಡು ನಗರಗಳಲ್ಲಿಯೂ ಯಂತ್ರ ಗೆದ್ದಿತೆಂಬುದು ನಿಜ. ಆದರೆ ಒಂದೆಡೆ ಮನುಷ್ಯನಿಗೆ ಕಲಿಯಲು ಕಾಲ ಸಿಕ್ಕಿತು, ಇನ್ನೊಂದೆಡೆ ಸಿಕ್ಕಲಿಲ್ಲ.

ಅದೇ ವೇಳೆಗೆ ಗಣಕಯಂತ್ರವು ಮೇಜಿನ ಮೇಲೆ ಕೂರುವಷ್ಟು ಚಿಕ್ಕದಾಗಿದ್ದಿತು. 1984ರಲ್ಲಿ ಮ್ಯಾಕಿಂತೋಷ್ ಗಣಕವೂ 1985ರಲ್ಲಿ ಪೇಜ್‌ಮೇಕರ್ ಎಂಬ ಪುಟ ಕಟ್ಟುವ ತಂತ್ರಾಂಶವೂ ಬಂದವು. ಮುಂದಿನ ವರ್ಷಗಳಲ್ಲಿ ಭಾರತದ ಊರೂರಿಗೂ ‘ಡಿ.ಟಿ.ಪಿ.’ ಎಂಬ ಮೂರಕ್ಷರದ ಹೆಸರು ಹಬ್ಬಿತು. ಕನ್ನಡವನ್ನು ಕೀಲಿಮಣೆಗೆ ಒಗ್ಗಿಸುವ ಕೆಲಸವನ್ನೂ ಬಲ್ಲವರು ಮಾಡಿದರು. ಕಿನ್ನಿಕಂಬಳ ಪದ್ಮನಾಭ ರಾವ್ ಅವರು ಕನ್ನಡದ ಧ್ವನಿಕ್ರಮವನ್ನು ಅನುಸರಿಸಿ ಕೀಲಿಮಣೆಯ ವಿನ್ಯಾಸವೊಂದನ್ನು ರೂಪಿಸಿದರು. 1998ರಲ್ಲಿ ‘ಬರಹ’ ತಂತ್ರಾಂಶವು ಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಬಳಕೆಗೆ ಬಂದಿತು. ಮುದ್ರಣಾಲಯಗಳಲ್ಲಿ ಮೊಳೆಗಳ ಕೇಸುಗಳು ಮೂಲೆ ಸೇರಿದವು. ಒಂದು ಕಾಲಕ್ಕೆ ಬೆಲೆಬಾಳುತ್ತಿದ್ದ ಮೊಳೆಗಳು ತೂಕದ ಲೆಕ್ಕದಲ್ಲಿ ಗುಜರಿಯವರ ಪಾಲಾದವು.

ಆ ದಿನಗಳಲ್ಲಿ ತಾಲ್ಲೂಕು ಕೇಂದ್ರವೊಂದರ ಚಿಕ್ಕ ಮುದ್ರಣಾಲಯದಲ್ಲಿ ದುಡಿಯುತ್ತಿದ್ದ ಒಬ್ಬ ಮೊಳೆಜೋಡಣೆಗಾರನನ್ನು ಕಲ್ಪಿಸಿಕೊಳ್ಳಬಹುದು. ಹದಿನಾರನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟು ಸ್ಟಿಕ್ ಹಿಡಿದವನಿಗೆ ಈಗ ನಲವತ್ತೈದು ವರ್ಷ. ಲಗ್ನಪತ್ರಿಕೆ, ರಸೀತಿ ಪುಸ್ತಕ, ಜಾತ್ರೆಯ ಕರಪತ್ರ, ಶಾಲೆಯ ಪ್ರಶ್ನೆಪತ್ರಿಕೆ, ಎಲ್ಲವೂ ಅವನ ಬೆರಳಿನಿಂದ ಹಾದುಹೋಗಿವೆ. ಮನೆಯಲ್ಲಿ ಓದುವ ಇಬ್ಬರು ಮಕ್ಕಳಿದ್ದಾರೆ. ಒಂದು ದಿನ ಮುದ್ರಣಾಲಯದ ಒಡೆಯನು ಗಣಕಯಂತ್ರವನ್ನು ತರಿಸಿದನು; ಅದನ್ನು ನಡೆಸಲು ಇಪ್ಪತ್ತು ವರ್ಷದ ಹುಡುಗಿಯೊಬ್ಬಳನ್ನು ನೇಮಿಸಿದನು. ಹಳಬನಿಗೆ ಕಾಗದ ಎಣಿಸಿ ಕಟ್ಟು ಕಟ್ಟುವ ಕೆಲಸ ಉಳಿಯಿತು. ಹದಿನೈದು ದಿನ ಅವನು ಆ ಯಂತ್ರದ ಕಡೆಗೆ ಕಣ್ಣೆತ್ತಿಯೂ ನೋಡಲಿಲ್ಲ. ಅವನನ್ನು ತಡೆದುದು ದ್ವೇಷಕ್ಕಿಂತ ಹೆಚ್ಚಾಗಿ ನಾಚಿಕೆ. ತನ್ನ ಮಗಳ ವಯಸ್ಸಿನವಳ ಮುಂದೆ ತಪ್ಪು ಮಾಡಲು ಅವನ ಮನಸ್ಸು ಒಪ್ಪಲಿಲ್ಲ.

ಹದಿನಾರನೆಯ ದಿನ ಲಗ್ನಪತ್ರಿಕೆಯೊಂದರ ಕರಡು ಅವನ ಕೈಗೆ ಬಂದಿತು. ಅಭ್ಯಾಸಬಲದಿಂದ ಅವನು ಕಿವಿಯ ಮೇಲಿನ ಪೆನ್ಸಿಲನ್ನು ತೆಗೆದನು.

“ಅಮ್ಮ, ಹದಿನಾಲ್ಕನೆಯ ತಾರೀಕು ಭಾನುವಾರವಲ್ಲ, ಸೋಮವಾರ. ಮುಹೂರ್ತದ ದಿನವೇ ತಪ್ಪಿದರೆ ನೆಂಟರು ಯಾವ ದಿನ ಬರಬೇಕು?”

“ಅವರು ಬರೆದುಕೊಟ್ಟಿದ್ದನ್ನೇ ನಾನು ಹೊಡೆದೆ, ಅಣ್ಣ.”

“ಬರೆದುಕೊಟ್ಟವರು ಮದುವೆಯ ಗಡಿಬಿಡಿಯಲ್ಲಿರುತ್ತಾರೆ. ನಾವು ಪಂಚಾಂಗ ನೋಡಬೇಕು. ಈ ಸಾಲಿನ ಕೊನೆಯನ್ನೂ ನೋಡು. ‘ಆಶೀರ್ವಾದ’ ಎಂಬ ಪದವನ್ನು ‘ಆಶೀ’ ಎಂದು ತುಂಡರಿಸಿ ಉಳಿದುದನ್ನು ಕೆಳಕ್ಕೆ ತಳ್ಳಿದೆ. ಓದುವವನ ಕಣ್ಣು ಎಡವುತ್ತದೆ.”

“ಇಷ್ಟು ಬೇಗ ಇದೆಲ್ಲ ನಿಮಗೆ ಹೇಗೆ ಕಂಡಿತು?”

“ಇಪ್ಪತ್ತೊಂಬತ್ತು ವರ್ಷ ತಲೆಕೆಳಗಾದ ಅಕ್ಷರವನ್ನೇ ಓದಿದವನಿಗೆ ನೆಟ್ಟಗಿರುವುದು ಕಾಣದೆ?” ಎಂದು ಅವನು ನಕ್ಕನು. ಹುಡುಗಿಯೂ ನಕ್ಕಳು. ಅಂದಿನ ಸಂಜೆ ಅವನೇ ಕೇಳಿದನು: “ಆ ಯಂತ್ರವನ್ನು ನನಗೂ ಸ್ವಲ್ಪ ತೋರಿಸುತ್ತೀಯಾ, ಅಮ್ಮ?”

“ತೋರಿಸುತ್ತೇನೆ ಅಣ್ಣ. ನೀವು ಕರಡು ತಿದ್ದುವುದನ್ನು ನನಗೆ ಹೇಳಿಕೊಡಿ.”

ಕಲಿಕೆಯು ಸುಲಭವಾಗಲಿಲ್ಲ. ಮೊದಲ ವಾರ ಅವನ ಬೆರಳುಗಳು ಕೀಲಿಯ ಮೇಲೆ ಮಗುವಿನ ಬೆರಳಿನಂತೆ ತಡವರಿಸಿದವು. ಪ್ರತಿಯೊಂದು ಅಕ್ಷರಕ್ಕೂ ಸಿದ್ಧವಾದ ಮೊಳೆಯನ್ನು ಹುಡುಕುವ ಚಾಳಿ ಬಿಡಲೊಲ್ಲದು. ‘ಅಕ್ಕ’ ಎಂದು ಮೂಡಿಸಲು ‘ಕ’ಕಾರವನ್ನು ಒತ್ತಿ, ಜೋಡಿಸುವ ಕೀಲಿಯನ್ನು ಒತ್ತಿ, ಮತ್ತೆ ‘ಕ’ಕಾರವನ್ನು ಒತ್ತಬೇಕೆಂದು ತಿಳಿದಾಗ ಅವನಿಗೆ ಒಂದು ಸಂಗತಿ ಹೊಳೆಯಿತು. ಇದು ಬಾಲ್ಯದಲ್ಲಿ ಮೇಷ್ಟ್ರು ಮರಳಿನ ಮೇಲೆ ಬರೆಸಿದ ಕಾಗುಣಿತವೇ ಅಲ್ಲವೆ! ನೂರಾರು ಖಾನೆಗಳನ್ನು ನೆನಪಿಟ್ಟಿದ್ದವನಿಗೆ ಕೆಲವೇ ಕೀಲಿಗಳು ಹೊರೆಯಾಗಲಾರವು. ಪ್ರತಿದಿನ ಮುದ್ರಣಾಲಯದ ಬಾಗಿಲು ತೆರೆಯುವುದಕ್ಕೆ ಅರ್ಧ ಗಂಟೆ ಮೊದಲೇ ಬಂದು ಅವನು ಅಭ್ಯಾಸ ಮಾಡಿದನು. ಆರು ತಿಂಗಳು ಕಳೆದ ಮೇಲೂ ಹುಡುಗಿಯಷ್ಟು ವೇಗ ಅವನಿಗೆ ಬರಲಿಲ್ಲ. ಆದರೆ ಅವನು ಕಟ್ಟಿದ ಪುಟದಲ್ಲಿ ತಪ್ಪು ಹುಡುಕುವುದು ಕಷ್ಟವಾಗಿದ್ದಿತು. ಪುಸ್ತಕ ಮಾಡಿಸಲು ಬರುವವರು ಅವನನ್ನೇ ಕೇಳತೊಡಗಿದರು.

ಈ ಚಿತ್ರದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪ್ರತಿಯೊಂದು ಕಸುಬಿನಲ್ಲಿಯೂ ಎರಡು ಭಾಗಗಳಿರುತ್ತವೆ. ಸಲಕರಣೆಯನ್ನು ಬಳಸುವ ಚಳಕ ಒಂದು, ಕೆಲಸದ ಮರ್ಮವನ್ನು ಬಲ್ಲ ವಿವೇಕ ಇನ್ನೊಂದು. ಖಾನೆಯಿಂದ ಮೊಳೆಯನ್ನು ಬೇಗನೆ ಹೆಕ್ಕುವುದು ಚಳಕ. ಪದವನ್ನು ಎಲ್ಲಿ ಒಡೆಯಬಾರದು, ಅಂಚು ಎಷ್ಟು ಬಿಡಬೇಕು, ಹಸ್ತಪ್ರತಿಯನ್ನು ನೋಡಿ ಎಷ್ಟು ಪುಟವಾದೀತೆಂದು ಹೇಗೆ ಅಂದಾಜು ಮಾಡಬೇಕು, ಬರೆದವರ ತಪ್ಪನ್ನು ಹೇಗೆ ಹಿಡಿಯಬೇಕು ಎಂಬುದು ವಿವೇಕ. ಸಲಕರಣೆ ಬದಲಾದಾಗ ಚಳಕಕ್ಕೆ ಬೆಲೆ ಇಳಿಯುತ್ತದೆ. ವಿವೇಕವಾದರೋ ಹೊಸ ಸಲಕರಣೆಗೂ ಬೇಕಾಗುತ್ತದೆ. ತನ್ನ ಕಸುಬಿನಲ್ಲಿ ಯಾವುದು ಚಳಕ, ಯಾವುದು ವಿವೇಕ ಎಂದು ವಿಂಗಡಿಸಿ ನೋಡಬಲ್ಲವನು ಬದಲಾವಣೆಗೆ ಅರ್ಧ ಸಿದ್ಧನಾದಂತೆಯೇ.

ಉಳಿದ ಅರ್ಧಕ್ಕೆ ಮೂರು ಗುಣಗಳು ಬೇಕು. ಮೊದಲನೆಯದು ಕಾಲಜ್ಞಾನ. ಹಳೆಯ ಕೆಲಸವು ಕೈಯಲ್ಲಿರುವಾಗಲೇ ಹೊಸದನ್ನು ಕಲಿಯಲು ತೊಡಗಬೇಕು; ಬಾವಿ ತೋಡಲು ಬಾಯಾರಿಕೆಯಾಗುವವರೆಗೆ ಕಾಯಬಾರದು. ಎರಡನೆಯದು ವಿನಯ. ಕಿರಿಯರ ಮುಂದೆ ಶಿಷ್ಯನಾಗಿ ಕುಳಿತುಕೊಳ್ಳುವುದರಿಂದ ಹಿರಿತನಕ್ಕೆ ಕುಂದು ಬರುವುದಿಲ್ಲ. ಮೂರನೆಯದು ಕೊಡುವ ಗುಣ. ತಾನು ಬಲ್ಲುದನ್ನು ಕಿರಿಯರಿಗೆ ಹೇಳಿಕೊಡುವವನಿಗೆ ಅವರು ಬಲ್ಲುದು ತಾನಾಗಿ ಒದಗುತ್ತದೆ. ಅನುಭವವನ್ನು ಗುಟ್ಟಾಗಿ ಬಚ್ಚಿಟ್ಟುಕೊಂಡವನ ಗುಟ್ಟು ಅವನೊಡನೆಯೇ ಹಳತಾಗುತ್ತದೆ.

ಆದರೆ ಹೊಣೆಯನ್ನೆಲ್ಲ ದುಡಿಯುವವನ ಹೆಗಲ ಮೇಲೆ ಹೊರಿಸುವುದು ನ್ಯಾಯವಲ್ಲ. ಎಲ್ಲ ಮೊಳೆಜೋಡಣೆಗಾರರಿಗೂ ಹೇಳಿಕೊಡುವ ಕಿರಿಯರು ಸಿಕ್ಕಲಿಲ್ಲ. ಎಲ್ಲ ಒಡೆಯರೂ ಆರು ತಿಂಗಳು ಕಾಯಲಿಲ್ಲ. ವರ್ಷಗಟ್ಟಲೆ ಸಣ್ಣ ಅಕ್ಷರಗಳನ್ನು ದಿಟ್ಟಿಸಿ ಕಣ್ಣು ಮಂಜಾದವರಿಗೆ ಹೊಳೆಯುವ ಪರದೆಯನ್ನು ನೋಡುವುದೇ ಕಷ್ಟವಾಯಿತು. ಕಸುಬು ಬಿಟ್ಟು ಅಂಗಡಿಗಳ ಕಾವಲಿಗೋ ಕೂಲಿಗೋ ಹೋದವರನ್ನು ಸೋಮಾರಿಗಳೆಂದು ಕರೆಯುವುದು ತಪ್ಪು. ಅವರಲ್ಲಿ ಬುದ್ಧಿಗೆ ಕೊರತೆಯಿರಲಿಲ್ಲ, ಅವಕಾಶಕ್ಕೆ ಕೊರತೆಯಿದ್ದಿತು. ಒಂದು ಯಂತ್ರವು ಹತ್ತು ಜನರ ಕೆಲಸ ಮಾಡಿ ಲಾಭ ತಂದಾಗ, ಆ ಲಾಭದ ಒಂದು ಪಾಲು ಆ ಹತ್ತು ಜನರಿಗೆ ಹೊಸದನ್ನು ಕಲಿಸಲು ಸಲ್ಲಬೇಕು. ನ್ಯೂಯಾರ್ಕಿನ ಒಪ್ಪಂದವೂ ವಾಪಿಂಗಿನ ಕಹಿಯೂ ಒಟ್ಟಿಗೆ ತಿಳಿಸುವ ಪಾಠ ಇದೇ. ಮರವು ಬಗ್ಗುವುದಿಲ್ಲವೆಂದು ಗಾದೆ ಹೇಳುತ್ತದೆ. ಮನುಷ್ಯನು ಮರವಲ್ಲ, ಕಾಲವನ್ನೂ ಕಲಿಸುವವರನ್ನೂ ಒದಗಿಸಿದರೆ ಅವನು ಯಾವ ವಯಸ್ಸಿನಲ್ಲಿಯೂ ಬಗ್ಗಬಲ್ಲನು.

ಬದಲಾವಣೆಯು ಒಮ್ಮೆ ಬಂದು ನಿಲ್ಲುವಂಥದೂ ಅಲ್ಲ. ಮೊಳೆಯನ್ನು ಮೂಲೆಗೆ ತಳ್ಳಿದ ಡಿ.ಟಿ.ಪಿ. ಕೆಲಸಗಾರರೂ ಮುಂದೆ ಅದೇ ಪ್ರಶ್ನೆಯನ್ನು ಎದುರಿಸಬೇಕಾಯಿತು. ಮೊದಮೊದಲಿನ ತಂತ್ರಾಂಶಗಳಲ್ಲಿ ಕನ್ನಡದ ಅಕ್ಷರಚಿಹ್ನೆಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದ್ದರು. ಆದುದರಿಂದ ಒಂದು ಗಣಕದಲ್ಲಿ ಬರೆದುದು, ಅದೇ ಅಕ್ಷರವಿನ್ಯಾಸವಿಲ್ಲದ ಇನ್ನೊಂದು ಗಣಕದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿದ್ದಿತು. 1991ರಲ್ಲಿ ಮೊದಲ ಬಾರಿಗೆ ಪ್ರಕಟವಾದ ಯೂನಿಕೋಡ್ ಎಂಬ ವ್ಯವಸ್ಥೆಯು ಕನ್ನಡದ ಅಕ್ಷರಗಳಿಗೆ ತಮ್ಮವೇ ಆದ ಸಂಖ್ಯೆಗಳನ್ನು ನೀಡಿತು. ಅದು ಕ್ರಮೇಣ ಎಲ್ಲೆಡೆ ನೆಲೆಯೂರಿದಾಗ, ಹಳೆಯ ಕ್ರಮದಲ್ಲಿ ನುರಿತವರು ಹೊಸ ಕ್ರಮವನ್ನು ಕಲಿಯಬೇಕಾಯಿತು. ಇಂದು ಮನುಷ್ಯನು ಆಡಿದ ಮಾತನ್ನು ಕೇಳಿ ಯಂತ್ರವೇ ಬರೆದುಕೊಳ್ಳುತ್ತದೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ಅನುವಾದವನ್ನೂ ಮಾಡುತ್ತದೆ. ಆದರೂ ಅದು ಬರೆದುದು ಸರಿಯೇ, ಲಗ್ನಪತ್ರಿಕೆಯಲ್ಲಿನ ದಿನ ಪಂಚಾಂಗಕ್ಕೆ ಹೊಂದುತ್ತದೆಯೆ ಎಂದು ನೋಡಿ ಹೊಣೆ ಹೊರಲು ಒಬ್ಬ ಬಲ್ಲವನು ಬೇಕೇ ಬೇಕು.

ಇಂದು ಶಾಲೆಯ ಬೆಂಚಿನ ಮೇಲೆ ಕುಳಿತಿರುವ ಬಾಲಕ ಬಾಲಕಿಯರು ಮುಂದೆ ಯಾವ ಯಾವ ಸಲಕರಣೆಗಳನ್ನು ಹಿಡಿಯುವರೆಂದು ಯಾರೂ ಹೇಳಲಾರರು. ಅವರ ದುಡಿಮೆಯ ಕಾಲದಲ್ಲಿ ಎರಡು ಮೂರು ಬಾರಿಯಾದರೂ ಕಸುಬಿನ ರೂಪ ಬದಲಾದರೆ ಆಶ್ಚರ್ಯವಿಲ್ಲ. ಅವರು ಕಲಿಯುತ್ತಿರುವ ಭಾಷೆ, ಲೆಕ್ಕ, ಅಚ್ಚುಕಟ್ಟುತನ, ತಪ್ಪನ್ನು ತಾವೇ ಹುಡುಕುವ ಅಭ್ಯಾಸ ಇವುಗಳ ಬೆಲೆ ಆಗಲೂ ಇಳಿಯದು. ಜೊತೆಗೆ ಅವರು ನೆನಪಿಡಬೇಕಾದ ಇನ್ನೊಂದು ಮಾತಿದೆ. ಮನೆಯಲ್ಲಿ ಹೊಸ ಯಂತ್ರದ ಮುಂದೆ ತಡವರಿಸುವ ತಂದೆಯನ್ನೋ ಅಜ್ಜಿಯನ್ನೋ ಕಂಡಾಗ ನಗಬಾರದು. ಪಕ್ಕದಲ್ಲಿ ಕುಳಿತು ಹೇಳಿಕೊಡಬೇಕು. ಅವರಿಗೆ ಗೊತ್ತಿರುವುದನ್ನು ಕೇಳಿ ಕಲಿಯಬೇಕು. ಮುದ್ರಣಾಲಯದ ಆ ಹುಡುಗಿ ಮಾಡಿದ್ದು ಅಷ್ಟೇ. ಅದರಿಂದ ಒಂದು ಮನೆಯ ಒಲೆ ಆರದೆ ಉಳಿಯಿತು.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ:
1. ಕನ್ನಡದ ಮೊದಲ ಪತ್ರಿಕೆ ಯಾವುದು? ಅದು ಯಾವ ವರ್ಷ ಹೊರಬಂದಿತು?
2. ಲೈನೋಟೈಪ್ ಯಂತ್ರವನ್ನು ನಿರ್ಮಿಸಿದವನು ಮೊದಲು ಕಲಿತಿದ್ದ ಕೆಲಸ ಯಾವುದು?
3. ಹಳಬನು ಹದಿನೈದು ದಿನ ಗಣಕಯಂತ್ರದ ಕಡೆಗೆ ನೋಡದಿರಲು ಕಾರಣವೇನು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ಕನ್ನಡದ ಮೊಳೆಜೋಡಣೆ ಏಕೆ ಕಷ್ಟದ ಕೆಲಸವಾಗಿದ್ದಿತು?
2. ನ್ಯೂಯಾರ್ಕ್ ಮತ್ತು ಲಂಡನ್ ನಗರಗಳಲ್ಲಿ ಬದಲಾವಣೆಯನ್ನು ಎದುರಿಸಿದ ರೀತಿಗಳನ್ನು ಹೋಲಿಸಿರಿ.
3. ‘ಚಳಕ’ ಮತ್ತು ‘ವಿವೇಕ’ಗಳಿಗಿರುವ ವ್ಯತ್ಯಾಸವನ್ನು ನಿಮಗೆ ತಿಳಿದ ಬೇರೊಂದು ಕಸುಬಿನ ಉದಾಹರಣೆಯೊಡನೆ ವಿವರಿಸಿರಿ.

ಇ) ನಿಮ್ಮ ಊರಿನಲ್ಲಿ ಕಸುಬನ್ನು ಬದಲಿಸಿಕೊಂಡ ಹಿರಿಯರೊಬ್ಬರನ್ನು ಮಾತನಾಡಿಸಿ, ಅವರ ಅನುಭವವನ್ನು ಒಂದು ಪುಟದಲ್ಲಿ ಬರೆಯಿರಿ.